ಈಶ್ವರನ ಮೈಕು

ತಂಗಿಗೆ ಬುದ್ಧಿ ಹೇಳಲು ಹೊರಟವಳ ಬಾಯಿ ಕಲ್ಯಾಣದುರ್ಗ ಬರುವ ಹೊತ್ತಿಗೇ ಒಣಗಿಹೋಗಿತ್ತು. ರಾಯದುರ್ಗದಲ್ಲಿ ಬಸ್ಸು ಹತ್ತಿಸುವಾಗ ಅಮ್ಮ ಕೊಟ್ಟ ನೀರಿನ ಬಾಟಲಿ ಮಡಿಲಲ್ಲೇ ಇತ್ತು. ಅಂಜನಾ ಅದರ ಮುಚ್ಚಳ ತಿರುಗಿಸುತ್ತಿದ್ದಳು, ಮತ್ತೆ ಬಿಗಿ ಮಾಡುತ್ತಿದ್ದಳು, ಕುಡಿಯುತ್ತಿರಲಿಲ್ಲ. ಬೆರಳ ತುದಿಗಳು ಎಂದಿನಂತೆ ನೀಲಿಯಾಗಿದ್ದವು. ಜೀನ್ಸ್ ಹೊಲಿಯುವ ವರ್ಕ್‌ಶಾಪಿನಲ್ಲಿ ಮುಗಿದ ಪ್ಯಾಂಟುಗಳನ್ನು ಒಳಗೂ ಹೊರಗೂ ತಿರುವಿ, ಗುಂಡಿ ಜಗ್ಗಿ, ಜಿಪ್ಪು ಎಳೆದು ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ಆ ಬಣ್ಣ ಸೋಪಿಗೆ ಹೋಗುವುದಿಲ್ಲ, ಭಾನುವಾರಕ್ಕೂ ಹೋಗುವುದಿಲ್ಲ. ಪರರ ತಪ್ಪು ಹೊಲಿಗೆ ಹುಡುಕುವುದರಲ್ಲಿ ಈ ಹುಡುಗಿಯ ಕಣ್ಣು ಬಲು ಚುರುಕು ಎಂದು ಮಾಲೀಕರು ಬಂದವರೆದುರು ಹೊಗಳುತ್ತಿದ್ದರು. ನಿನ್ನೆ ಮಡಕಶಿರಾದಿಂದ ಚಿಕ್ಕಮ್ಮ ಅನ್ನದಾನಮ್ಮ ಫೋನು ಮಾಡಿ ಅತ್ತಾಗಲೂ ಹೊಗಳಿಕೆಯೇ ಬಂದಿತ್ತು. "ಅಂಜೂ, ಒಂದ್ಸಲ ಬಂದು ಹೋಗವ್ವಾ. ತನೂ ಮೂಲಿ ಹಿಡದು ಕುಂತಾಳ, ಒಂದು ತುತ್ತು ಒಳಗ ಇಳಿವಲ್ದು. ನಿಮ್ಮ ಚಿಕ್ಕಪ್ಪ ನೋಡಿದ್ರ ಸೋಮವಾರ ಕಾಲೇಜಿಗೆ ಹೋಗಿ ಟೀಸಿ ತರ್ತೀನಿ ಅಂತಾರ. ನಿನ್ನ ಮಾತಂದ್ರ ಇಬ್ಬರೂ ಕೇಳ್ತಾರ. ನಮ್ಮ ಮನಿತನದಾಗ ಯಾರ ಕಡೀಂದ್ಲೂ ಒಂದು ಮಾತು ಅನ್ನಿಸಿಕೊಳ್ಳದಂಗ ಬೆಳದಾಕಿ ನೀ ಒಬ್ಬಾಕಿ." ಅಂಜನಾ ಬರುತ್ತೇನೆ ಎಂದಳು. ಫೋನು ಇಟ್ಟ ಮೇಲೆ ಬಚ್ಚಲಿಗೆ ಹೋಗಿ ಬೆರಳ ನೀಲಿಯನ್ನು ಮತ್ತೊಮ್ಮೆ ತಿಕ್ಕಿದಳು.

ನಡೆದದ್ದನ್ನು ಚಿಕ್ಕಮ್ಮ ಅಳುತ್ತಲೇ ಹೇಳಿದ್ದಳು. ಚಿಕ್ಕಮ್ಮನ ಮಗಳು ತನುಶ್ರೀ ಡಿಗ್ರಿ ಎರಡನೇ ವರ್ಷ. ಫೋನಿನಲ್ಲಿ ಅದೇನೋ ಗುಂಡು ಹೊಡೆಯುವ ಆಟ ಆಡುತ್ತಾಳಂತೆ, ಅದರಲ್ಲಿ ಯಾವನೋ ಪಕ್ಕದ ಗುಡಿಬಂಡೆಯ ಹುಡುಗ ಗಂಟು ಬಿದ್ದಿದ್ದಾನಂತೆ, ಗಿರೀಶ್ ಎಂದು ಹೆಸರು. ಒಂದು ಸಂಜೆ ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯರೆಲ್ಲ ಗುಂಪಾಗಿ ಬರುತ್ತಿದ್ದಾಗ ಅವನು ಹಿಂದಿನಿಂದ "ಏಯ್ ಮುದ್ದೆ!" ಎಂದು ಕೂಗಿದ. ಅಷ್ಟು ಹುಡುಗಿಯರಲ್ಲಿ ಒಬ್ಬಳು ಮಾತ್ರ ತಿರುಗಿ ನೋಡಿದಳು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅಂದಿನಿಂದ ದಿನವೂ ಇಬ್ಬರು ಮೂವರನ್ನು ಕಟ್ಟಿಕೊಂಡು ಮನೆಯ ತಿರುವಿನವರೆಗೆ ಮುದ್ದೆ ಮುದ್ದೆ ಎನ್ನುತ್ತಾ ಬರುವುದು, ಗೆಳತಿಯರು ಮೊದಮೊದಲು ನಕ್ಕು ಆಮೇಲೆ ಅವಳ ಜೊತೆ ನಡೆಯುವುದನ್ನೇ ಬಿಟ್ಟದ್ದು. ಕೊನೆಗೆ ಅವನು ಚಿಕ್ಕಪ್ಪನ ಪಾತ್ರೆ ಅಂಗಡಿಗೇ ಬಂದ. ಗಿರಾಕಿಗಳ ಎದುರಿಗೆ, "ಮಾವ, ಮುದ್ದೆ ತೊಳ್ಸೋ ಕೋಲು ಐತಾ? ನಿಮ್ಮ ಮಗಳಿಗೆ ಬೇಕಂತೆ" ಎಂದು ಕೇಳಿ ನಕ್ಕು ಹೋದ. ಚಿಕ್ಕಪ್ಪ ಮರುಳಸಿದ್ದಪ್ಪ ಆ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಬಂದು ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ: ಊರು ಹೇಳದೆ ಅವನಿಗೆ ಹೇಗೆ ಗೊತ್ತಾಯಿತು? ಹೇಳಿಲ್ಲ ಎಂದು ತನು ಆಣೆ ಇಟ್ಟಳು. ಯಾರೂ ನಂಬಲಿಲ್ಲ. ಇಲ್ಲಿ ಚಿಕ್ಕಮ್ಮನ ದನಿ ತಗ್ಗಿತ್ತು. "ನಾನೂ ನಂಬಲಿಲ್ಲವ್ವಾ. ಅಷ್ಟು ಸಲಿಗಿ ಕೊಡಲಾರದ ಆ ಹುಡುಗ ಮುದ್ದಿ ಅಂತ ಯಾಕ ಕರೀತಾನ?"

ಮುದ್ದೆ. ಆ ಶಬ್ದ ಫೋನಿನಲ್ಲಿ ಬಂದು ಕಿವಿಗೆ ಬಿದ್ದಾಗ ಅಂಜನಾ ಹಲ್ಲು ಕಚ್ಚಿದ್ದಳು. ರಾಯದುರ್ಗದವರು ರೊಟ್ಟಿ ಉಣ್ಣುವವರು. ಜೋಳದ ರೊಟ್ಟಿ ಬಡಿಯುವ ಸದ್ದಿಲ್ಲದೆ ಅಲ್ಲಿ ಬೆಳಗಾಗುವುದಿಲ್ಲ. ಮಡಕಶಿರಾದ ಕಡೆಯವರನ್ನು ಮುದ್ದೆ ನುಂಗುವವರು ಎಂದು ಆಡಿಕೊಳ್ಳುವುದು ಮದುವೆಮನೆಗಳಲ್ಲಿ ಬೀಗರು ಬೀಗರಿಗೆ ಮಾಡುವ ಹಳೆಯ ಗೇಲಿ. ಚಿಕ್ಕಮ್ಮ ರಾಯದುರ್ಗದಿಂದ ಆ ಊರಿಗೆ ಸೊಸೆಯಾಗಿ ಹೋದಾಗ ಮೊದಲ ದಿನವೇ ಮುದ್ದೆ ಗಂಟುಗಂಟಾಗಿ ತಿರುವಿ ಅತ್ತೆಯ ಕೈಲಿ ಬೈಸಿಕೊಂಡದ್ದು ಮನೆಯಲ್ಲಿ ಇನ್ನೂ ನಗೆಯ ಮಾತು. ಬಳ್ಳಾರಿಯವನಿಗಾಗಲಿ, ಅನಂತಪುರ ಪೇಟೆಯವನಿಗಾಗಲಿ ಮಡಕಶಿರಾದ ಹುಡುಗಿಯನ್ನು ಹಂಗಿಸಲು ಆ ಮಾತು ಹೊಳೆಯುತ್ತಿರಲಿಲ್ಲ. ರಾಯದುರ್ಗದವರಿಗೆ ಮಾತ್ರ ಹೊಳೆಯುತ್ತದೆ, ಅದೂ ಮಡಕಶಿರಾದಲ್ಲಿ ಚಿಕ್ಕಮ್ಮನಿರುವವರಿಗೆ.

ಕಲ್ಯಾಣದುರ್ಗದಲ್ಲಿ ಬದಲಾಯಿಸಿದ ಬಸ್ಸು ತುಂಬಿ ತುಳುಕುತ್ತಿತ್ತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ದುಡ್ಡು ಕೊಟ್ಟು ಹತ್ತಿದ ಗಂಡಸರ ಮುಖ ಸಾಲ ಕೊಟ್ಟು ಕಳೆದುಕೊಂಡವರ ಹಾಗಿರುತ್ತದೆ. ಅವಳು ಕಿಟಕಿಯ ಪಕ್ಕ ಕೂತದ್ದಕ್ಕೂ ಹಿಂದಿನಿಂದ ಯಾರೋ ತೆಲುಗಿನಲ್ಲಿ ಏನೋ ಅಂದರು. ಸ್ವಲ್ಪ ದೂರ ಹೋದ ಮೇಲೆ ಸೀಟಿನ ಸಂದಿಯಿಂದ ಒಂದು ಕೈ ಬಂತು. ಮೊದಲು ಬಸ್ಸಿನ ಕುಲುಕಾಟ ಅಂದುಕೊಂಡಳು, ಎಲ್ಲ ಹೆಂಗಸರೂ ಮೊದಲು ಅಂದುಕೊಳ್ಳುವುದು ಅದನ್ನೇ. ಬಸ್ಸು ನಿಂತಾಗಲೂ ಕೈ ಅಲ್ಲೇ ಇತ್ತು. ಬೆರಳುಗಳು ಪಕ್ಕೆಯ ಮೇಲೆ ಮೆಲ್ಲಗೆ ಏರುತ್ತಿದ್ದವು. ಬೇರೆ ದಿನವಾಗಿದ್ದರೆ ಅವಳು ಮೊಣಕೈಯಿಂದ ತಿವಿಯುತ್ತಿದ್ದಳು, ಅಥವಾ ಬ್ಯಾಗು ಅಡ್ಡ ಇಡುತ್ತಿದ್ದಳು. ಇಂದು ಅಲ್ಲಾಡದೆ ಕೂತಳು. ಸರಿ, ಆಗಲಿ, ನನಗೆ ಆಗಬೇಕಾದ್ದೇ ಎಂದು ಒಳಗೊಂದು ದನಿ ಹೇಳಿತು. ತನು ಅನುಭವಿಸಿದ್ದರಲ್ಲಿ ಚೂರಾದರೂ ನನ್ನ ಮೈಮೇಲೂ ಬರಲಿ. ಹೊರಗೆ ಕಡಲೆಕಾಯಿ ಹೊಲಗಳು ಸರಿಯುತ್ತಿದ್ದವು, ಕುರಿಮಂದೆಯೊಂದು ರಸ್ತೆ ದಾಟಲು ಕಾಯುತ್ತಿತ್ತು, ಅವಳು ಕುರಿಗಳನ್ನೇ ನೋಡುತ್ತಾ ಕಲ್ಲಾಗಿ ಕೂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಹೇಸಿಗೆ ಹುಟ್ಟಿತು, ಆ ಕೈಯ ಮೇಲಲ್ಲ, ತನ್ನ ಈ ಲೆಕ್ಕಾಚಾರದ ಮೇಲೆ. ಈ ಮನುಷ್ಯ ಯಾರ ಪರವಾಗಿಯೂ ಶಿಕ್ಷೆ ಕೊಡಲು ಬಂದವನಲ್ಲ. ಅವನು ತಿನ್ನುತ್ತಿದ್ದಾನೆ ಅಷ್ಟೆ, ಇವಳು ತನ್ನನ್ನು ಬಡಿಸಿಕೊಟ್ಟು ಪುಣ್ಯ ಸಿಕ್ಕಿತೆಂದು ಕೂತಿದ್ದಾಳೆ. ಎದ್ದು ನೂಕಾಡಿಕೊಂಡು ಮುಂದೆ ಹೋಗಿ ಕಂಬ ಹಿಡಿದು ನಿಂತಳು. ಕಂಡಕ್ಟರು, "ಸೀಟು ಬಿಟ್ಟು ಯಾಕಮ್ಮ ನಿಂತೆ? ಬಿಟ್ಟಿ ಟಿಕೆಟ್ಟಂದ್ರೆ ಬಸ್ಸೆಲ್ಲ ಓಡಾಡ್ಬೇಕಾ?" ಎಂದ. ಸುತ್ತಲಿನವರು ನಕ್ಕರು. "ವಾಂತಿ ಬಂದಂಗಾಗತೈತ್ರಿ" ಎಂದಳು ಅಂಜನಾ. ಸುಳ್ಳು ಹೇಳಿದವಳು ಅವಳಾದಳು, ಹಿಂದೆ ಕೂತವನು ಅವಳ ಕಿಟಕಿಯ ಸೀಟಿಗೆ ಜರುಗಿಕೊಂಡ.

ಈಶ್ವರನಾಗಿದ್ದರೆ ಬೈಯುತ್ತಿದ್ದ. ಈಶ್ವರನ ಹತ್ತಿರ ಬೈಗುಳಗಳಿಗೇನು ಬರವಿರಲಿಲ್ಲ, ಎಲ್ಲವನ್ನೂ ಅವಳೇ ಟೈಪು ಮಾಡಿಕೊಟ್ಟದ್ದು. ಅವನು ಹುಟ್ಟಿದ್ದು ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ, ಬಂಡಲು ಕಟ್ಟಿಟ್ಟ ಪ್ಯಾಂಟುಗಳ ನಡುವೆ, ಊಟದ ಬಿಡುವಿನಲ್ಲಿ. ಅದಕ್ಕೆ ಮುಂಚೆ ಅವಳು ಆ ಗುಂಡು ಹೊಡೆಯುವ ಆಟಕ್ಕೆ ತನ್ನ ಹೆಸರಿನಿಂದಲೇ ಹೋಗುತ್ತಿದ್ದಳು, ಮೈಕು ಹಾಕಿ ಮಾತಾಡುತ್ತಿದ್ದಳು. ದನಿ ಕೇಳಿದ್ದೇ ತಡ, ಒಬ್ಬ ನಂಬರು ಕೇಳುವನು, ಒಬ್ಬ ಏನು ಉಟ್ಟಿದ್ದೀಯ ಎನ್ನುವನು, ಇನ್ನೊಬ್ಬ ಬರೀ ಏದುಸಿರು ಬಿಟ್ಟು ಕೇಳಿಸುವನು. ಬೈದರೆ ಇನ್ನೂ ಹುರುಪು. ಸುಮ್ಮನಿದ್ದರೆ ಬೇಕೆಂದೇ ಅವಳನ್ನು ವೈರಿಯ ಗುಂಡಿಗೆ ಒಡ್ಡಿ ಬಿಟ್ಟು ಹೋಗುವರು. ಒಂದು ದಿನ ಅವಳು ಅಳುತ್ತಾ ತಲೆಯೆತ್ತಿದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಈಶ್ವರ ಕಣ್ಣು ಮುಚ್ಚಿ ಆರಾಮಾಗಿ ಕೂತಿದ್ದ. ಆ ಹೆಸರನ್ನೇ ಇಟ್ಟುಕೊಂಡಳು. ಊರು ರಾಯದುರ್ಗ, ಮೈಕು ಕೆಟ್ಟಿದೆ ಎಂದು ಬರೆದಳು. ಆಮೇಲಿನದು ಬೇರೆಯೇ ಲೋಕ. ಬೊಮ್ಮನಹಾಳ್ ಕಡೆಯ ಮಾರುತಿ, ಗುಡಿಬಂಡೆಯ ಗಿರೀಶ್, ಅವರಿಬ್ಬರೂ ಈಶ್ವರನನ್ನು ಬಾವ ಎಂದರು. ಆಟದಲ್ಲಿ ಬಿದ್ದರೆ ಗುಂಡಿನ ಮಳೆಯಲ್ಲೂ ಓಡಿಬಂದು ಎತ್ತಿದರು. ಮಾರುತಿ ತನ್ನ ತಾಯಿಯ ಕಣ್ಣಿನ ಆಪರೇಷನ್ನಿನ ಭಯವನ್ನು ಅವನೊಬ್ಬನಿಗೇ ಹೇಳಿಕೊಂಡ. "ನಿನಗ ಹೇಳಿದ್ರ ಎದಿ ಹಗುರಾಗ್ತೈತಿ ನೋಡು ಬಾವ, ನೀ ಸುಮ್ನ ಕೇಳ್ತೀ" ಎಂದ. ಅಂಜನಾಳಿಗೆ ಜನ್ಮದಲ್ಲಿ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಒಳ್ಳೆಯ ಹುಡುಗಿ ಎನ್ನುವವರಿಗೇನು ಕಮ್ಮಿಯಿರಲಿಲ್ಲ. ಆದರೆ ಒಳ್ಳೆಯ ಹುಡುಗಿಯ ಮಾತಿಗೆ ಯಾರೂ ಕಾಯುವುದಿಲ್ಲ. ಈಶ್ವರ ಏನು ಬರೆಯುತ್ತಾನೆಂದು ಅವರಿಬ್ಬರೂ ಕಾಯುತ್ತಿದ್ದರು. ಅವಳಿಗೆ ಆ ಗಂಡಸಾಗಿರುವುದು ಇಷ್ಟವಾಗಿತ್ತು. ಭಯದಿಂದ ಅಡಗಿಕೊಂಡವಳು ಎಂದು ಎಷ್ಟು ಹೇಳಿಕೊಂಡರೂ ಅದು ಅರ್ಧ ಸತ್ಯ.

ಒಂದು ಮಧ್ಯಾಹ್ನ ಅವರ ಸ್ಕ್ವಾಡಿಗೆ, ಆಟದ ತಂಡಕ್ಕೆ, ಒಬ್ಬರು ಕಮ್ಮಿಯಿದ್ದರು. ಹೊಸಬರೊಬ್ಬರು ಸೇರಿದರು, ಮೈಕು ತೆರೆಯಿತು, "ಹಲೋ, ಯಾರಿದ್ದೀರಾ? ಕನ್ನಡದವ್ರಾ?" ಎಂದು ದನಿ ಬಂತು. ಅಂಜನಾಳ ಕೈಯಲ್ಲಿ ಅರ್ಧ ರೊಟ್ಟಿ ಹಾಗೇ ನಿಂತಿತು. ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ತಂಗಿಯ ದನಿ ಯಾರಿಗಾದರೂ ಗೊತ್ತಾಗದೇ? ಗಿರೀಶ್ ಆಗಲೇ ಮುತ್ತಿಕ್ಕುವ ಸದ್ದು ಮಾಡುತ್ತಿದ್ದ. ಮಾರುತಿ, ತಾಯಿಯ ಕಣ್ಣಿಗೆ ಅಳುತ್ತಿದ್ದ ಮಾರುತಿ, ಬಾಯಲ್ಲಿ ಆಡಬಾರದ್ದೊಂದನ್ನು ಕೇಳಿ ತಾನೇ ನಕ್ಕ. ತನು ಮೊದಲು ನಕ್ಕಳು, ಆಮೇಲೆ ಗದರಿದಳು, ಆಮೇಲೆ ಅವಳ ದನಿ ಸಣ್ಣದಾಯಿತು. "ಈಶ್ವರ್ ಅವ್ರೇ, ನೀವಾದ್ರೂ ಇವ್ರಿಗೆ ಹೇಳಿ" ಎಂದಳು. ಪರದೆಯ ಮೇಲೆ ಹೆಸರು ಕಂಡು ಕರೆದಿದ್ದಾಳೆ ಎಂದುಕೊಂಡಳು ಅಂಜನಾ. ಗಿರೀಶ್ ಹೋ ಎಂದು ಕೂಗಿದ. "ಓಹೋಹೋ, ಬಾವನ ಹೆಸರಿಡ್ದು ಕರೀತಾ ಅವ್ಳೆ! ಯಾರು ಬಾವ ಇವ್ಳು? ಗೊತ್ತಿರೋಳಾ? ಇವತ್ತಾದ್ರೂ ಮೈಕ್ ಹಾಕು ಬಾವ!" ಮೈಕ್ ಹಾಕು, ಮೈಕ್ ಹಾಕು ಎಂದು ಇಬ್ಬರೂ ಹಟ ಹಿಡಿದರು. ಆ ಗಳಿಗೆಯಲ್ಲಿ ಅವಳಿಗೆ ತಂಗಿ ನೆನಪಾಗಲಿಲ್ಲ. ಈಶ್ವರ ಸಾಯುತ್ತಾನೆ ಎನ್ನುವುದೊಂದೇ ತಲೆಯಲ್ಲಿತ್ತು. ರೊಟ್ಟಿ ಹಿಟ್ಟಿನ ಬೆರಳಿನಿಂದಲೇ ಸರಸರನೆ ಬರೆದಳು: ನನಗ್ಯಾಕ ಗೊತ್ತಿರ್ತಾಳ? ಆಟ ಬಿಟ್ಟು ಹೋಗಿ ಮುದ್ದಿ ತಿರುವು ಅನ್ರಲೇ.

ಅವರು ಬಿದ್ದು ಬಿದ್ದು ನಕ್ಕರು. ಮುದ್ದಿ! ಬಾವ ಬಾಂಬು ಹಾಕಿದ! ಪರದೆಯಲ್ಲಿ ನಗುವ ಗೊಂಬೆಮುಖಗಳು ಸಾಲುಸಾಲಾಗಿ ಬಂದವು. ಅಂಜನಾಳಿಗೂ ನಗೆ ಬಂತು, ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ತಂಗಿಯ ಮೈಕಿನಿಂದ ಬರೀ ಉಸಿರು ಕೇಳುತ್ತಿದ್ದಾಗ, ತನ್ನ ಚಾಟೂಕ್ತಿಗೆ ಇಬ್ಬರು ಗಂಡಸರು ನಕ್ಕರೆಂದು ಅವಳ ಮುಖ ಅರಳಿತ್ತು. ಆಮೇಲೆ ಗಿರೀಶ್ ಹೇಳಿದ್ದು ಅವಳಿಗೆ ಚೆನ್ನಾಗಿ ಕೇಳಿಸಿತ್ತು. "ಮುದ್ದೆ ಅಂದ್ರೆ ನಮ್ ಕಡೆಯೋಳೇ ಇರ್ಬೇಕು. ಮಾತೂ ಅಂಗೇ ಐತೆ. ಮಡಕಶಿರಾ ಕಾಲೇಜೇ ಇರ್ಬೇಕು, ವಿಚಾರಿಸ್ತೀನಿ ತಡಿ." ಕೇಳಿಸಿಯೂ ಅವಳು ಮಿಕ್ಕ ಅರ್ಧ ರೊಟ್ಟಿ ತಿಂದು, ಕೈ ತೊಳೆದು, ಪ್ಯಾಂಟುಗಳ ಜಿಪ್ಪು ಎಳೆದು ನೋಡಲು ಹೋದಳು.

ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಬೆಟ್ಟದ ಕೋಟೆಗೋಡೆ ಬಿಳುಚಿಕೊಂಡು ನಿಂತಿತ್ತು. ಸೋಡಾ ಅಂಗಡಿಯ ನೆರಳಿನಲ್ಲಿ ಹುಡುಗರು ಫೋನು ಹಿಡಿದು ಬಗ್ಗಿ ಕೂತಿದ್ದರು. ಅವರಲ್ಲೊಬ್ಬ ಗಿರೀಶನೇ ಇರಬಹುದು. ಎಷ್ಟೋ ಸಲ ತನ್ನನ್ನು ಸಾವಿನ ಬಾಯಿಂದ ಎತ್ತಿದವನು ಎದುರಿಗೇ ಇದ್ದರೂ ಗುರುತು ಸಿಗುವುದಿಲ್ಲ. ಅವಳು ನಡೆದು ಹೋದಾಗ ಒಬ್ಬ ಸಿಳ್ಳೆ ಹಾಕಿದ, ಆಟೋ ಕರೆಯಲೋ ಅವಳನ್ನು ಕರೆಯಲೋ ತಿಳಿಯಲಿಲ್ಲ. ತಿರುಗಿ ನೋಡಬಾರದು ಎಂದುಕೊಂಡಳು. ತಿರುಗಿ ನೋಡಿದ್ದೊಂದೇ ತನು ಮಾಡಿದ ತಪ್ಪು.

ಚಿಕ್ಕಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಸದಾ ಇಸ್ತ್ರಿ ಅಂಗಿಯಲ್ಲಿರುವ ಮನುಷ್ಯ ಬನೀನಿನಲ್ಲಿದ್ದರು, ಹಣೆಯ ವಿಭೂತಿ ಬೆವರಿಗೆ ಕಲೆಸಿಹೋಗಿತ್ತು. "ಬಾರಮ್ಮ, ಬಾ. ನೀನು ಬಂದಿದ್ದು ಒಳ್ಳೇದಾಯ್ತು" ಎಂದು ಅವಳ ಬ್ಯಾಗನ್ನು ತಾವೇ ತೆಗೆದುಕೊಂಡರು. ಕೂತ ಮೇಲೆ ಗೋಡೆಗೆ ಹೇಳುವವರಂತೆ ಮಾತಾಡಿದರು. "ನಾನು ಆಟ ಬೇಡ ಅಂದೋನಲ್ಲ ಕಣಮ್ಮ. ಆ ಫೋನು ಕೊಡ್ಸಿದ್ದೇ ನಾನು. ಆದ್ರೆ ಇವ್ಳು ಬಾಯಿಬಿಟ್ಟು ಹೇಳ್ದೆ ಆ ನನ್ಮಗನಿಗೆ ಊರು ಯಂಗೆ ಗೊತ್ತಾಯ್ತು? ಕಾಲೇಜು ಯಂಗೆ ಗೊತ್ತಾಯ್ತು? ಇವ್ಳದ್ದೂ ಇಷ್ಟ ಐತೆ ಅಂತ ಒಪ್ಕೊಂಡ್ಬಿಟ್ರೆ ಮುಗೀತು, ನಾನೇನು ಕಡಿದಾಕಲ್ಲ. ಸುಳ್ಳು ಹೇಳ್ತಾಳಲ್ಲ, ಅದು ನನಗೆ ಆಗಕ್ಕಿಲ್ಲ. ಸುಳ್ಳು ಹೇಳೋಳನ್ನ ಯಾವ ಧೈರ್ಯದ ಮ್ಯಾಲೆ ಕಾಲೇಜಿಗೆ ಕಳಿಸ್ಲಿ?" ಅವಳ ಕಡೆಗೆ ತಿರುಗಿದರು. "ನೀನು ಕೇಳು. ನಿನಗಾದ್ರೂ ನಿಜ ಹೇಳ್ತಾಳೆ." ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಒಂದೇ ವಾಕ್ಯ ಸಾಕಿತ್ತು. ಬಾಯಿ ತೆರೆದು ಅದನ್ನು ಹೇಳಿದರೆ ಈ ಮನೆಯಲ್ಲಿ ಎಲ್ಲರೂ ಇಂದು ಹೊಟ್ಟೆ ತುಂಬ ಉಣ್ಣಬಹುದಿತ್ತು. ಅಂಜನಾ, "ನೋಡ್ತೀನಿ ಚಿಕ್ಕಪ್ಪ" ಎಂದು ಎದ್ದು ಹಿತ್ತಲಿಗೆ ಹೋದಳು.

ತನುಶ್ರೀ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಮಡಿಸಿ ಕೂತಿದ್ದಳು. ಕೂದಲಿಗೆ ಎಣ್ಣೆಯಿಲ್ಲ, ಕಣ್ಣ ಕೆಳಗೆ ಕಪ್ಪು. ಅಕ್ಕನನ್ನು ನೋಡಿ ಏಳಲಿಲ್ಲ, ಅಳಲೂ ಇಲ್ಲ. ಕಲ್ಲಿನ ತುದಿಗೆ ಸರಿದು ಜಾಗ ಮಾಡಿದಳು.

"ಬನ್ನಿ ಈಶ್ವರ್ ಅವ್ರೇ," ಎಂದಳು. "ಕೂತ್ಕೊಳಿ."

ಅಂಜನಾ ನಿಂತೇ ಇದ್ದಳು. ಪಕ್ಕದ ಮನೆಯಲ್ಲಿ ಯಾರೋ ಟೀವಿಯ ದನಿ ಏರಿಸಿದರು. ತನು ಬೇಸಿನ್ನಿನಲ್ಲಿದ್ದ ನೀರಿಗೆ ಬೆರಳದ್ದಿ ಕಲ್ಲಿನ ಮೇಲೆ ಗೆರೆ ಎಳೆಯುತ್ತಾ ಹೇಳಿದಳು, "ಶಿವರಾತ್ರಿ ಜಾಗರಣೆಗೆ ನಿಮ್ಮನೆಗೆ ಬಂದಿದ್ದೆನಲ್ಲ. ನಾನು ನಿದ್ದೆ ಮಾಡಿದ್ದೀನಿ ಅಂದ್ಕೊಂಡು ನೀನು ಹೊದಿಕೆ ಒಳಗೆ ಆಡ್ತಾ ಇದ್ದೆ. ನಾನು ಹೆಸರು ನೋಡ್ಕೊಂಡಿದ್ದೆ. ನನಗೆ ಎಷ್ಟು ನಗು ಬಂತು ಅಂದ್ರೆ! ನಮ್ಮಕ್ಕ ಈಶ್ವರ ಅಂತೆ. ಆಮೇಲೆ ಯೋಚ್ನೆ ಮಾಡ್ದೆ, ನಾನೊಬ್ಳೇ ಆಡೋವಾಗ ಎಲ್ರೂ ಗಲೀಜಾಗಿ ಮಾತಾಡ್ತಾರೆ, ಅಕ್ಕ ಇರೋ ಸ್ಕ್ವಾಡಿಗೇ ಹೋಗ್ಬೇಕು ಅಂತ. ಎಷ್ಟು ಸಲ ಟ್ರೈ ಮಾಡಿದ್ದೆ ಗೊತ್ತಾ ಜಾಗ ಸಿಗಕ್ಕೆ?" ಗೆರೆ ಒಣಗಿತು, ಮತ್ತೆ ಬೆರಳದ್ದಿದಳು. "ಬೇರೆಯವ್ರ ಜೊತೆ ನಾನು ಮೈಕೇ ಹಾಕಲ್ಲ. ಅಲ್ಲಿ ನೀನಿದ್ದೀಯಲ್ಲ ಅಂತ ಹಾಕಿದ್ದು."

"ತನೂ..." ಎಂದಳು ಅಂಜನಾ. ಹೆದರಿದ್ದೆ ಎನ್ನಬೇಕೆಂದಿದ್ದಳು, ಎಷ್ಟು ದಿನದಿಂದ ಆ ಮಾತನ್ನು ತೊಳೆದು ಮಡಿಸಿ ಇಟ್ಟುಕೊಂಡಿದ್ದಳು, ಈಗ ಬಿಚ್ಚಿದರೆ ತೂತು. "ನಿಮ್ಮಪ್ಪಗ ಯಾಕ ಹೇಳಲಿಲ್ಲ?" ಎಂದು ಕೇಳಿದಳು, ಕೇಳಿದ ತಕ್ಷಣ ನಾಚಿಕೆಯಾಯಿತು.

"ಏನಂತ ಹೇಳ್ಲಿ? ಅಂಜನಕ್ಕ ಹೇಳಿದ್ದು ಅಂತಾನಾ? ನಂಬ್ತಾರಾ?" ತನು ಮೊದಲ ಸಲ ಮುಖವೆತ್ತಿ ನೋಡಿದಳು. "ನಂಬಿದ್ರೂ, ನಿಮ್ಮನೇಲೂ ನಿನ್ನ ಫೋನ್ ಕಿತ್ಕೊಂತಾರೆ. ಇಬ್ರದ್ದೂ ಯಾಕೆ ಹೋಗ್ಬೇಕು ಅಂತ ಸುಮ್ನಾದೆ. ಅಮ್ಮ ನಿನ್ನ ಕರೆಸ್ತೀನಿ ಅಂದಾಗ ಖುಷಿ ಆಯ್ತು, ನೀನೇ ಬಂದು ಹೇಳ್ತೀಯ ಅಂತ. ನೀನು ಒಳಗೆ ಕೂತು ನೋಡ್ತೀನಿ ಚಿಕ್ಕಪ್ಪ ಅಂದಿದ್ದು ಇಲ್ಲಿಗೆ ಕೇಳಿಸ್ತು."

ಬೈದಿದ್ದರೆ ಒಳ್ಳೆಯದಿತ್ತು. ಹೊಡೆದಿದ್ದರೂ ಆಗುತ್ತಿತ್ತು. ಇವಳು ಬಾಯಿ ಕಟ್ಟಿಕೊಂಡು ಅಪ್ಪನ ಕೈಲಿ ಸುಳ್ಳಿ ಅನ್ನಿಸಿಕೊಳ್ಳುತ್ತಾ ಕೂತಿದ್ದಾಗ, ತಾನು ರಾಯದುರ್ಗದಲ್ಲಿ ಯಾರ ಕೈಗೂ ಸಿಕ್ಕಿಬೀಳಲಿಲ್ಲವೆಂದು ನಿಟ್ಟುಸಿರು ಬಿಟ್ಟಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದ್ದರೆ ಎದುರಿಗೆ ಕೂತ ಕೂಸು ಎಲ್ಲ ನೋಡುತ್ತಿತ್ತು, ಬೆಕ್ಕಿಗೆ ಏಟು ಬೀಳುತ್ತದೆಂದು ಬಾಯಿಬಿಟ್ಟಿರಲಿಲ್ಲ. ಅಂಜನಾಳಿಗೆ ತಂಗಿಯ ಕಾಲು ಹಿಡಿಯಬೇಕೆನ್ನಿಸಿತು. ಆದರೆ ಅದೂ ಬಸ್ಸಿನಲ್ಲಿ ಕಲ್ಲಾಗಿ ಕೂತದ್ದರ ಹಾಗೆಯೇ, ತನ್ನ ಸಮಾಧಾನಕ್ಕೆ. ಒಳಗಿನಿಂದ ಚಿಕ್ಕಮ್ಮ ಊಟಕ್ಕೆ ಕರೆದಳು.

ಚಿಕ್ಕಪ್ಪನ ತಟ್ಟೆಯಲ್ಲಿ ಮುದ್ದೆ ಹಬೆಯಾಡುತ್ತಿತ್ತು, ಅಂಜನಾಳಿಗೆಂದು ಚಿಕ್ಕಮ್ಮ ಬೇರೆಯಾಗಿ ರೊಟ್ಟಿ ಬಡಿದಿದ್ದಳು. ತನು ಹಿತ್ತಲ ಬಾಗಿಲಿಗೆ ಒರಗಿ ನಿಂತಳು, ಕೂರಲಿಲ್ಲ. "ಏನಂದ್ಲಮ್ಮ?" ಎಂದರು ಚಿಕ್ಕಪ್ಪ, ತಲೆ ಎತ್ತದೆ.

"ಆಕಿ ಊರು ಹೇಳಿಲ್ಲ ಚಿಕ್ಕಪ್ಪ." ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಮುದ್ದಿ ಅಂತ ಬರದಾಕಿ ನಾನು. ಆ ಆಟದಾಗ ನಾ ಗಂಡಸಿನ ಹೆಸರಿಟ್ಕೊಂಡು ಆಡ್ತೀನಿ, ಈಶ್ವರ್ ಅಂತ. ಆ ಹುಡುಗ್ರೆಲ್ಲ ನನ್ನ ಗೆಳೆಯರು. ತನು ಬಂದಾಗ ಅವರು ಹೊಲಸು ಮಾತಾಡಿದ್ರು. ನಾ ತಡೀಲಿಲ್ಲ. ನಾನೂ ಸೇರಿ ಅಂದೆ. ನಾ ಅಂದ ಮಾತಿನ ಮ್ಯಾಲೇ ಅವನಿಗೆ ಊರು ಗೊತ್ತಾಗಿದ್ದು."

ಮರುಳಸಿದ್ದಪ್ಪ ಅವಳನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ತುಂಬಿತು. "ನೋಡೇ," ಎಂದರು ಹೆಂಡತಿಗೆ, "ಅಕ್ಕ ಅಂದ್ರೆ ಇಂಗಿರ್ಬೇಕು. ತಂಗಿ ಮಾಡಿದ್ದನ್ನ ತನ್ನ ತಲೆ ಮ್ಯಾಲೆ ಎಳ್ಕೊಂತಾ ಅವ್ಳೆ. ಬೇಡ ಕಣಮ್ಮ. ನಿನ್ನ ಬಾಯಲ್ಲಿ ಇಂಥ ಮಾತು ಬರಬಾರ್ದು. ಗಂಡಸಿನ ಹೆಸರಂತೆ, ಈಶ್ವರನಂತೆ! ನಿನಗೆ ಸುಳ್ಳು ಹೇಳಾಕೂ ಬರಕಿಲ್ಲ." ಚಿಕ್ಕಮ್ಮ ಬಂದು ಅಂಜನಾಳ ತಲೆ ಸವರಿದಳು, ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ತುಪ್ಪ ಕರಗುವುದನ್ನು ನೋಡುತ್ತಾ ಅಂಜನಾಳ ಮೈಯೆಲ್ಲ ಸಡಿಲವಾಯಿತು. ಹೇಳಿಯಾಯಿತು. ಹೇಳಲಿಲ್ಲವೆಂದು ಇನ್ನು ಯಾರೂ ಅನ್ನುವಂತಿಲ್ಲ. ನಂಬದಿದ್ದರೆ ಅದು ಅವರ ತಪ್ಪು. ಸತ್ಯವನ್ನೂ ನುಡಿದಳು, ಹೆಸರನ್ನೂ ಉಳಿಸಿಕೊಂಡಳು, ಮೇಲೆ ತುಪ್ಪ ಬೇರೆ. ಇಂಥ ಅದೃಷ್ಟ ಯಾರಿಗಿರುತ್ತದೆ? ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರೆ ಮುಗಿಯಿತು. ನಾಳೆ ಚಿಕ್ಕಪ್ಪ ಟೀಸಿ ತರುತ್ತಾರೆ, ನಾಡಿದ್ದು ತಾನು ಜಿಪ್ಪು ಎಳೆಯುತ್ತಿರುತ್ತಾಳೆ. ಹಿತ್ತಲ ಬಾಗಿಲಲ್ಲಿ ತನು ಏನೂ ಆಗದವಳಂತೆ ಉಗುರು ನೋಡಿಕೊಳ್ಳುತ್ತಿದ್ದಳು. ಅವಳು ಇದನ್ನು ಮೊದಲೇ ಬಲ್ಲವಳು, ನಂಬ್ತಾರಾ ಎಂದು ಕೇಳಿದ್ದವಳು. ಅಂಜನಾ ಎಡಗೈಯಿಂದ ಬ್ಯಾಗು ಎಳೆದುಕೊಂಡು ಫೋನು ತೆಗೆದಳು. ನೀಲಿ ಬೆರಳಿನಿಂದ ಆಟ ತೆರೆದಳು. ಭಾನುವಾರ ಊಟದ ಹೊತ್ತು, ಮಾರುತಿ, ಗಿರೀಶ್ ಇಬ್ಬರೂ ಇದ್ದೇ ಇರುತ್ತಾರೆ.

ಫೋನನ್ನು ಚಿಕ್ಕಪ್ಪನ ತಟ್ಟೆಯ ಪಕ್ಕ ನೆಲದ ಮೇಲಿಟ್ಟಳು. "ಬಾವ ಬಂದ್ರು ನೋಡಲೇ!" ಎಂದು ಮಾರುತಿಯ ದನಿ ಊಟದ ಕೋಣೆಯ ತುಂಬ ಬಂತು. "ಎಲ್ಲಿ ಹೋಗಿದ್ದಿ ಬಾವ? ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದ್ರು. ನನ್ನ ಮಾರಿ ಸ್ವಚ್ಛ ಕಾಣತೈತಂತ. ಮೊದಲು ನಿನಗ ಹೇಳ್ಬೇಕಂತ ಕುಂತಿದ್ದೆ." ಚಿಕ್ಕಮ್ಮ ಬೆರಗಾಗಿ ಗಂಡನ ಮುಖ ನೋಡಿದಳು. ಯಾರೂ ಬಳಸದೆ ಮಾಸಿಹೋಗಿದ್ದ ಮೈಕಿನ ಗುರುತನ್ನು ಅಂಜನಾ ಒತ್ತಿದಳು.

"ಮಾರುತಿ, ನಿಮ್ಮವ್ವಗ ಕಣ್ಣು ಬಂದಿದ್ದು ನನಗ ಭಾಳ ಸಂತೋಷ," ಎಂದಳು. "ನಾನು ಈಶ್ವರ. ನನ್ನ ಹೆಸರು ಅಂಜನಾ. ಗಿರೀಶ್, ಅವತ್ತು ಮುದ್ದಿ ತಿರುವು ಅಂದಾಕಿ ನಾನು. ಆ ಹುಡುಗಿ ನಿನಗ ಊರು ಹೇಳಿದ್ಲಾ? ಯಾವತ್ತಾದ್ರೂ ಹೇಳಿದ್ಲಾ?"

ಗಿರೀಶ್ ಕಿರುಚಿದ, "ಲೇ, ಬಾವ ಹುಡುಗಿ ಕಣ್ಲಾ! ಥೂ!" ನಗು ಉಕ್ಕಿತು. "ಅವ್ಳೆಲ್ಲಿ ಹೇಳಿದ್ಲು? ನೀನೇ ತಾನೆ ಮುದ್ದೆ ಅಂತ ದಾರಿ ತೋರ್ಸಿದ್ದು? ನೀನೂ ಅಂಗೇನಾ? ನಿನ್ನೂರಿಗೂ ಬರ್ಲಾ?" ಎಂದು ಇನ್ನೊಂದು ಮಾತು ಅಂದ, ಅದಕ್ಕೆ ಚಿಕ್ಕಮ್ಮ ಕಿವಿ ಮುಚ್ಚಿಕೊಂಡಳು. ಮಾರುತಿ ನಗಲಿಲ್ಲ. ಅವನ ದನಿ ಗೊಗ್ಗರಾಗಿತ್ತು. "ನಮ್ಮವ್ವನ ವಿಷಯ ಎಲ್ಲ ಹೇಳಿದ್ನೆಲ್ಲ ನಿನಗ," ಎಂದ. ಅಂಜನಾ ಕಣ್ಣು ಮುಚ್ಚಿದಳು. ಅವನಿಗೂ ಮೋಸವಾಗಿತ್ತು, ಅದೂ ನಿಜವೇ. ಮಾರುತಿ ಹಲ್ಲುಕಚ್ಚಿ ಹೇಳಿದ, "ರಾಯದುರ್ಗದಾಕಿ ಅಲ್ಲ ನೀನು? ಹೋಗು. ಹೋಗಿ ರೊಟ್ಟಿ ಬಡಿ." ಗಿರೀಶ್ ಹೋ ಎಂದ. ರೊಟ್ಟಿ, ರೊಟ್ಟಿ, ರೊಟ್ಟಿ ಎಂದು ಇಬ್ಬರೂ ಒಟ್ಟಿಗೆ ಶುರುಮಾಡಿದರು, ನಡುನಡುವೆ ಅವಳ ಮೈಯ ಮಾತು.

ಮರುಳಸಿದ್ದಪ್ಪನ ಕೈ ಮುದ್ದೆಯ ಮೇಲೆ ಹಾಗೇ ನಿಂತಿತ್ತು. ಅವರು ಮಗಳನ್ನು ನೋಡಲು ಹೋಗಿ ನೋಡಲಾರದೆ ತಟ್ಟೆ ನೋಡಿದರು. "ಆರಿಸಮ್ಮ ಅದನ್ನ," ಎಂದರು. "ಸಾಕು, ಆರಿಸು."

"ಆರಿಸ್ಬೇಡ," ಎಂದಳು ತನು ಬಾಗಿಲಿನಿಂದ. "ನನಗಂದಾಗ ಯಾರೂ ಆರಿಸ್ಲಿಲ್ಲ. ಅಪ್ಪನೂ ಕೇಳ್ಲಿ."

ಅಕ್ಕ ಎಂದು ಅವಳು ಕರೆಯಲಿಲ್ಲ. ಬಂದು ತಟ್ಟೆಯೊಂದನ್ನು ತೆಗೆದುಕೊಂಡು, ಅಪ್ಪನಿಗೂ ಫೋನಿಗೂ ನಡುವೆ ಕೂತು, ಪಾತ್ರೆಯಿಂದ ತಾನೇ ಮುದ್ದೆ ಬಡಿಸಿಕೊಂಡಳು. ಅಂಜನಾ ಫೋನು ಮುಟ್ಟಲಿಲ್ಲ.